ಲೈನ್ ಮನೆಯ ಮತ



ಈ ದತ್ತಿ ಉಪನ್ಯಾಸಕ್ಕೆ ನನಗೆ ಕೊಟ್ಟಿರುವ ವಿಷಯ ರಾಜಕೀಯ ಭಿನ್ನಾಭಿಪ್ರಾಯ ಮತ್ತು ಸಹನೆ. ಇಂಥ ವಿಷಯದ ಮೇಲೆ ಮಹಾಪುರುಷರ ಹೆಸರುಗಳನ್ನು ಸಾಲಾಗಿ ಹೇಳಿ, ಎಲ್ಲರೂ ತಲೆದೂಗುವಂತೆ ಮಾತಾಡಿ ಇಳಿದುಹೋಗಬಹುದು. ಎಲ್ಲರೂ ಒಪ್ಪುವ ಮಾತಿನಿಂದ ಭಿನ್ನಾಭಿಪ್ರಾಯದ ಬಗ್ಗೆ ಏನೂ ತಿಳಿಯುವುದಿಲ್ಲ. ಹಾಗಾಗಿ ಈ ಬೆಟ್ಟಗಳಲ್ಲಿ ನಡೆದದ್ದನ್ನೇ, ನಮ್ಮ ನಮ್ಮಲ್ಲೇ ಜಗಳವಾದದ್ದನ್ನೇ ಎತ್ತಿಕೊಳ್ಳುತ್ತೇನೆ.

ದೇವರಮನೆಯಿಂದಲೇ ಶುರು ಮಾಡೋಣ. ಮಳೆಗಾಲದ ಶನಿವಾರ, ಭಾನುವಾರ ಬಂತೆಂದರೆ ಕಾಲಭೈರವೇಶ್ವರನ ದೇವಸ್ಥಾನದ ಸುತ್ತಲಿನ ಹುಲ್ಲುಗುಡ್ಡಕ್ಕೆ ಬೆಂಗಳೂರು, ಮಂಗಳೂರಿನ ಕಾರುಗಳು ಏರುತ್ತವೆ. ಹೋಂಸ್ಟೇ ನಡೆಸುವವರಿಗೆ, ಜೀಪು ಓಡಿಸುವ ಹುಡುಗರಿಗೆ, ದಾರಿ ಬದಿಯಲ್ಲಿ ಚಹಾ, ಜೋಳ ಮಾರುವವರಿಗೆ ಆ ಕಾರುಗಳು ಬೇಕು. ಗುಡ್ಡದ ಮೇಲೆ ದನ ಬಿಡುವವರಿಗೆ, ಇಕ್ಕಟ್ಟಿನ ರಸ್ತೆಯಲ್ಲಿ ಬಾಣಂತಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದವರಿಗೆ, ದೇವರ ಕೆರೆಯ ದಂಡೆಯಲ್ಲಿ ಬಾಟಲಿ ಹೆಕ್ಕುವವರಿಗೆ ಅವು ಬೇಡ. ಒಂದೇ ಮನೆಯ ಅಣ್ಣನಿಗೆ ಬೇಕು, ತಮ್ಮನಿಗೆ ಬೇಡ. ಇಬ್ಬರೂ ಪುಸ್ತಕ ಓದಿ ಈ ಅಭಿಪ್ರಾಯಕ್ಕೆ ಬಂದವರಲ್ಲ. ಅವರವರ ದುಡಿಮೆ, ಅವರವರ ಸಂಕಟ ಅವರವರ ಕೈಯಲ್ಲಿ ಆ ಅಭಿಪ್ರಾಯವನ್ನು ಇಟ್ಟಿದೆ. ನಮ್ಮ ಎದುರು ನಿಂತವನ ಅಭಿಪ್ರಾಯ ಎಲ್ಲಿಂದ ಬಂತು ಎಂದು ಹುಡುಕಿದರೆ ಬಹಳ ಸಲ ಅವನ ಬದುಕೇ ಸಿಗುತ್ತದೆ. ಇದನ್ನು ಇಡೀ ದೇಶಕ್ಕೆ ಕಾಣುವ ಹಾಗೆ ತೋರಿಸಿದ ಘಟನೆಯೂ ನಮ್ಮ ಜಿಲ್ಲೆಯದೇ.

1978ರ ನವೆಂಬರಿನ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಯನ್ನು ನೋಡಿದವರು ಈ ಸಭೆಯಲ್ಲಿ ಇನ್ನೂ ಇದ್ದೀರಿ. 1977ರಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ಸೋಲಿಸಿತ್ತು, ರಾಯ್‌ಬರೇಲಿಯಲ್ಲಿ ಅವರೇ ಸೋತಿದ್ದರು. ಆದರೆ ಅದೇ ಚುನಾವಣೆಯಲ್ಲಿ ಕರ್ನಾಟಕ 28 ಸ್ಥಾನಗಳಲ್ಲಿ 26ನ್ನು ಅವರ ಪಕ್ಷಕ್ಕೆ ಕೊಟ್ಟಿತ್ತು. ನಮ್ಮ ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು ತಾವು ಗೆದ್ದಿದ್ದ ಸ್ಥಾನವನ್ನು ಅವರಿಗೆ ಬಿಟ್ಟುಕೊಟ್ಟರು. ಎದುರಿಗೆ ಜನತಾ ಪಕ್ಷದಿಂದ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಂತರು. ಪಾಟೀಲರ ಪರವಾಗಿ ಜಾರ್ಜ್ ಫರ್ನಾಂಡಿಸ್ ಬಂದರು, ಇಂದಿರಾ ಅವರ ಪರವಾಗಿ ಮುಖ್ಯಮಂತ್ರಿ ದೇವರಾಜ ಅರಸರ ಸರ್ಕಾರವೇ ನಿಂತಿತು. ಕಾಫಿ ತೋಟಗಳ ಹಳ್ಳಿಹಳ್ಳಿಗೆ ದೆಹಲಿಯ ಪತ್ರಕರ್ತರು ಬಂದರು. ಇಂದಿರಾ ಅವರು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು.

ಆ ಚುನಾವಣೆಯಲ್ಲಿ ಈ ಮಲೆನಾಡು ಹೇಗೆ ಎರಡಾಗಿತ್ತು ಎನ್ನುವುದನ್ನು ಸ್ವಲ್ಪ ನಿಂತು ನೋಡಬೇಕು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಂತೆ ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತಿದ್ದರು. ತಲೆಮಾರುಗಳಿಂದ ಒಡೆಯರ ಮನೆಗೆ ಗೇಣಿ ಅಳೆದವನಿಗೆ ಗದ್ದೆ ತನ್ನದಾಗುವ ಕಾಲ ಅದು. ಅವನ ಪಾಲಿಗೆ ಇಂದಿರಾ, ಅರಸು ಎಂಬ ಹೆಸರುಗಳು ಗದ್ದೆಯ ಬದುವಿನಷ್ಟೇ ನಿಜ. ಇನ್ನೊಂದು ಕಡೆ 1975ರ ಜೂನ್‌ನಿಂದ 21 ತಿಂಗಳ ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡವರಿದ್ದರು. ಪತ್ರಿಕೆಗಳ ಬಾಯಿ ಕಟ್ಟಿದ್ದನ್ನು ನೋಡಿದವರಿದ್ದರು. 'ಸಂಸ್ಕಾರ' ಚಿತ್ರದಲ್ಲಿ ಅಭಿನಯಿಸಿದ್ದ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಜೈಲಿನಲ್ಲಿ ಆಸ್ತಮಾದಿಂದ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡಿದ್ದರು. ಅವರನ್ನು ಬಲ್ಲವರಿಗೆ ಇಂದಿರಾ ಎಂಬ ಹೆಸರು ಆ ಸಾವಿನಷ್ಟೇ ನಿಜ.

ಗದ್ದೆ ಸಿಕ್ಕಿದವನೂ ಸುಳ್ಳು ಹೇಳುತ್ತಿರಲಿಲ್ಲ, ಜೈಲಿಗೆ ಹೋಗಿ ಬಂದವನೂ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಪೇಟೆಯ ಹೋಟೆಲಿನಲ್ಲಿ ಒಬ್ಬನಿಗೆ ಇನ್ನೊಬ್ಬ ಗುಲಾಮನಾಗಿ ಕಂಡ, ಇನ್ನೊಬ್ಬನಿಗೆ ಇವನು ಉಳ್ಳವರ ಏಜೆಂಟನಾಗಿ ಕಂಡ. ಗೇಣಿದಾರನನ್ನು ಕೂರಿಸಿಕೊಂಡು, ನಿನಗೆ ಗದ್ದೆ ಬಂದಾಗ ಏನನಿಸಿತು ಎಂದು ಕೇಳಬಹುದಿತ್ತು. ಜೈಲಿನಿಂದ ಬಂದವನ ಎದುರು ಕೂತು, ನಿನ್ನನ್ನು ಹಿಡಿದುಕೊಂಡು ಹೋದ ರಾತ್ರಿ ಮನೆಯವರು ಏನು ಮಾಡಿದರು ಎಂದು ಕೇಳಬಹುದಿತ್ತು. ತೆರೆದ ಮನಸ್ಸು ಎಂದರೆ ನನ್ನ ಮಟ್ಟಿಗೆ ಇಷ್ಟು. ಈ ಪ್ರಶ್ನೆ ಕೇಳಿದ ಮೇಲೂ ಮತ ಬದಲಾಗದೇ ಇರಬಹುದು. ತುರ್ತು ಪರಿಸ್ಥಿತಿ ತಪ್ಪು ಎಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ಆದರೆ ಆ ಗೇಣಿದಾರನ ಮತವನ್ನು ಮೌಢ್ಯ ಎಂದು ಕರೆಯುವ ಹಕ್ಕು ನನಗೆ ಅದರಿಂದ ಬರುವುದಿಲ್ಲ.

ಗೆದ್ದವರ ಕಥೆ ಮುಂದೇನಾಯಿತು? ಡಿಸೆಂಬರಿನಲ್ಲೇ ಹಕ್ಕುಚ್ಯುತಿಯ ಹೆಸರಿನಲ್ಲಿ ಲೋಕಸಭೆ ಅವರ ಸದಸ್ಯತ್ವ ಕಿತ್ತುಕೊಂಡು ಜೈಲಿಗೂ ಕಳಿಸಿತು. ಸರ್ವಾಧಿಕಾರವನ್ನು ವಿರೋಧಿಸಿ ಬಂದ ಬಹುಮತ, ನಮ್ಮ ಜಿಲ್ಲೆಯ ಜನ ಒಂದೂವರೆ ತಿಂಗಳ ಹಿಂದೆ ಕೊಟ್ಟ ತೀರ್ಪನ್ನು ಹೀಗೆ ಪಕ್ಕಕ್ಕಿಟ್ಟಿತು. 1981ರ ಮೇ ತಿಂಗಳಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನು ರದ್ದು ಮಾಡಿತು. ಅಷ್ಟರಲ್ಲಿ ಅರಸರು ಇಂದಿರಾ ಅವರಿಂದ ದೂರವಾಗಿದ್ದರು. ಎದುರು ನಿಂತು ಸೋತ ವೀರೇಂದ್ರ ಪಾಟೀಲರು ಅವರ ಪಕ್ಷ ಸೇರಿ 1980ರಲ್ಲಿ ಅವರದೇ ಸಂಪುಟದಲ್ಲಿ ಮಂತ್ರಿಯಾಗಿದ್ದರು, 1989ರಲ್ಲಿ ಅದೇ ಪಕ್ಷದಿಂದ ಮುಖ್ಯಮಂತ್ರಿಯೂ ಆದರು. ಸ್ಥಾನ ಬಿಟ್ಟುಕೊಟ್ಟ ಚಂದ್ರೇಗೌಡರು ಅರಸರ ಜೊತೆ ಹೋದರು, ಜನತಾ ಸರ್ಕಾರದ ಕಾಲದಲ್ಲಿ ವಿಧಾನಸಭೆಯ ಸ್ಪೀಕರ್ ಆದರು, ಎಸ್.ಎಂ. ಕೃಷ್ಣ ಅವರ ಸಂಪುಟದಲ್ಲಿ ಕಾನೂನು ಮಂತ್ರಿಯಾದರು, 2009ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರದ ಸಂಸದರಾದರು. 2023ರ ನವೆಂಬರಿನಲ್ಲಿ ತೀರಿಕೊಂಡ ಆ ಹಿರಿಯರ ಬಗ್ಗೆ ನನಗೆ ಗೌರವವಿದೆ, ದೂಷಣೆಗಾಗಿ ಇದನ್ನು ಹೇಳುತ್ತಿಲ್ಲ. ನಾಯಕರು ಮನಸ್ಸು ಬದಲಿಸುವ ಸ್ವಾತಂತ್ರ್ಯವನ್ನು ಧಾರಾಳವಾಗಿ ಬಳಸಿಕೊಂಡರು. ಅವರಿಗಾಗಿ ಮಾತು ಬಿಟ್ಟ ದಾಯಾದಿಗಳು, ಮದುವೆಗೆ ಕರೆಯದೇ ಹೋದ ನೆರೆಹೊರೆಯವರು ಮಾತ್ರ ಅಲ್ಲೇ ನಿಂತರು.

ಈಗ ಕಾಫಿಯ ಜಗಳಕ್ಕೆ ಬರುತ್ತೇನೆ. ಇದು ಪಕ್ಷದ ಜಗಳವಾಗಿರಲಿಲ್ಲ, ಆದರೆ ಶುದ್ಧ ರಾಜಕೀಯವೇ ಆಗಿತ್ತು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿದಾಗ ಬೆಳೆಗಾರರನ್ನು ಉಳಿಸಲು ಸರ್ಕಾರ ಪೂಲ್ ಪದ್ಧತಿ ತಂದಿತು, 1942ರ ಕಾಫಿ ಕಾಯ್ದೆ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹಾಕಬೇಕು. ಮೊದಲ ಕಂತು ಕೈಗೆ ಬರುತ್ತದೆ, ಉಳಿದದ್ದು ಪಾಯಿಂಟಿನ ಲೆಕ್ಕದಲ್ಲಿ ಕಂತುಕಂತಾಗಿ, ಎಷ್ಟೋ ಕಾಲದ ಮೇಲೆ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಕುಸಿಯಿತು. ಸ್ವಲ್ಪದರಲ್ಲೇ ನಮ್ಮ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಆಗ ಬೆಳೆಗಾರರ ಸಭೆಗಳಲ್ಲಿ ಕುರ್ಚಿಗಳು ಎರಡು ಗುಂಪಾದವು.

ಮುಕ್ತ ಮಾರಾಟ ಬೇಕೆಂದವರು, ನನ್ನ ಬೆಳೆಯನ್ನು ನಾನೇ ಮಾರಲು ಸರ್ಕಾರದ ಅಪ್ಪಣೆ ಏಕೆ ಎಂದು ಕೇಳಿದರು. ಪೂಲ್ ಇರಲಿ ಎಂದವರು, ಎರಡೆಕರೆಯವನು ಕಣದಲ್ಲಿ ಒಣಗಿಸಿದ ಚೆರ್ರಿಯನ್ನು ಎಲ್ಲಿ ಇಟ್ಟುಕೊಂಡು ಬೆಲೆಗೆ ಕಾಯುತ್ತಾನೆ, ಮಗಳ ಮದುವೆ ಬಂದರೆ ವ್ಯಾಪಾರಿ ಹೇಳಿದ ರೇಟಿಗೇ ಕೊಡಬೇಕಲ್ಲ ಎಂದರು. ಎರಡೂ ಮಾತಿನಲ್ಲಿ ಹುರುಳಿತ್ತು. 1992–93ರಲ್ಲಿ ಒಳನಾಡು ಮಾರಾಟಕ್ಕೆ ಒಂದು ಪಾಲು ಬಿಟ್ಟರು, ಹಂತಹಂತವಾಗಿ ಅದು ಬೆಳೆದು 1996ರ ಹೊತ್ತಿಗೆ ಎಲ್ಲರಿಗೂ ಪೂರ್ತಿ ಮುಕ್ತ ಮಾರಾಟ ಬಂತು. ಆ ನಡುವೆ 1994ರಲ್ಲಿ ಬ್ರೆಜಿಲಿನ ತೋಟಗಳಿಗೆ ಹಿಮ ಬಿದ್ದು ಜಗತ್ತಿನ ಬೆಲೆ ಏರಿತು. ಮುಕ್ತ ಮಾರಾಟದವರು ಗೆದ್ದೆವೆಂದರು. ಹೊಸ ತಾರಸಿ ಮನೆಗಳೆದ್ದವು, ಜೀಪುಗಳು ಬಂದವು. ಆಮೇಲೆ ವಿಯೆಟ್ನಾಮಿನ ರೊಬಸ್ಟಾ ಜಗತ್ತಿನ ಗೋದಾಮುಗಳನ್ನು ತುಂಬಿತು, 2001–02ರ ಹೊತ್ತಿಗೆ ಕೊಯ್ಲಿನ ಕೂಲಿ ಹುಟ್ಟದ ಬೆಲೆ ಬಂತು. ಪೂಲ್ ಇದ್ದಿದ್ದರೆ ಎಂಬ ನಿಟ್ಟುಸಿರು ಆಗ ಅದನ್ನು ಬೈದವರ ಬಾಯಲ್ಲೂ ಕೇಳಿತು. ಈಚಿನ ವರ್ಷಗಳಲ್ಲಿ ಬೆಲೆ ಮತ್ತೆ ಮೇಲೇರಿದೆ.

ಈ ಜಗಳದಲ್ಲಿ ನನಗೆ ಮೆಚ್ಚಿಗೆಯಾಗುವ ಸಂಗತಿ ಒಂದಿದೆ. ಎರಡೂ ಕಡೆಯವರು ಒಂದೇ ಕ್ಯೂರಿಂಗ್ ವರ್ಕ್ಸಿನ ಮುಂದೆ ಲಾರಿ ನಿಲ್ಲಿಸುತ್ತಿದ್ದರು, ಒಂದೇ ಹೂಮಳೆಗೆ ಆಕಾಶ ನೋಡುತ್ತಿದ್ದರು. ಎದುರು ಪಕ್ಷದವನ ಲೆಕ್ಕವನ್ನು ಕಾಗದದ ಮೇಲೆ ಬಿಡಿಸಿ ನೋಡುವ ತಾಳ್ಮೆ ಇತ್ತು, ಏಕೆಂದರೆ ಅದು ತನ್ನ ಲೆಕ್ಕವೂ ಆಗಬಹುದಿತ್ತು. ಹಣಕಾಸಿನಲ್ಲಿ ಇಷ್ಟು ತೆರೆದ ಮನಸ್ಸಿರುವ ನಾವು ಮತದ ವಿಷಯಕ್ಕೆ ಬಂದಾಗ ಅದನ್ನು ಎಲ್ಲಿಟ್ಟುಬಿಡುತ್ತೇವೆ?

ಇಲ್ಲಿಯವರೆಗೆ ಹೇಳಿದ್ದೆಲ್ಲ ಬೆಳೆಗಾರ ಬೆಳೆಗಾರನ ನಡುವಿನ, ಗೇಣಿದಾರ ಮತ್ತು ಪೇಟೆಯವನ ನಡುವಿನ ಮಾತು. ಇವರೆಲ್ಲ ತಮ್ಮ ಸೂರಿನ ಕೆಳಗೆ ಮಲಗುವವರು. ಮಾತು ಬಿಟ್ಟರೆ ಮನಸ್ಸಿಗೆ ನೋವು, ಹೊಟ್ಟೆಗೆ ಪೆಟ್ಟಿಲ್ಲ. ಈ ಉಪನ್ಯಾಸದಲ್ಲಿ ನಾನು ನಿಜವಾಗಿ ಆಡಬೇಕೆಂದು ಬಂದಿರುವ ಮಾತು, ತೋಟದ ಕೂಲಿಯವರು ಸಾಲಾಗಿ ವಾಸಿಸುವ ಲೈನ್ ಮನೆಯದು.

ಮೊದಲು ಹೇಳಿದ ಭೂಸುಧಾರಣಾ ಕಾಯ್ದೆ ಕಾಫಿ ತೋಟಗಳನ್ನು ಭೂಮಿತಿಯಿಂದ ಹೊರಗಿಟ್ಟಿತು. ಹಾಗಾಗಿ ಗೇಣಿ ಗದ್ದೆಯವನಿಗೆ ನೆಲ ಸಿಕ್ಕಿತು, ತೋಟದಲ್ಲಿ ಮರಗಸಿ ಮಾಡುವವನಿಗೆ, ಹಣ್ಣು ಕುಯ್ಯುವವಳಿಗೆ ಸಿಗಲಿಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆ ದೊಡ್ಡ ತೋಟಗಳ ಮಾಲೀಕರು ಕಾರ್ಮಿಕರಿಗೆ ವಸತಿ ಕೊಡಬೇಕೆಂದಿತು. ಅದು ಒಳ್ಳೆಯ ಉದ್ದೇಶದ ಕಾನೂನು. ಆದರೆ ಅದರ ಫಲವಾಗಿ ಮನೆ ಕೆಲಸಕ್ಕೆ ಕಟ್ಟಿಕೊಂಡಿತು. ಕೆಲಸ ಹೋದ ದಿನ ಮನೆಯೂ ಹೋಗುತ್ತದೆ. ಮೂರು ತಲೆಮಾರು ಅದೇ ಲೈನಿನಲ್ಲಿ ಹುಟ್ಟಿ ಬೆಳೆದವರಿಗೂ ವೋಟರ್ ಕಾರ್ಡಿನಲ್ಲಿರುವ ವಿಳಾಸ ಎಸ್ಟೇಟಿನ ಹೆಸರೇ.

ಇಂಥವನಿಗೆ ಸಾಹುಕಾರರ ಪಕ್ಷಕ್ಕಿಂತ ಬೇರೆ ಪಕ್ಷ ಇಷ್ಟವಾದರೆ ಏನು ಮಾಡಬೇಕು? ಕೂಲಿಗೆ ಹೋಗುವಾಗ ಬೇರೆ ಪಕ್ಷದ ಶಾಲು ಹಾಕಿಕೊಳ್ಳಲಾರ, ಲೈನಿನ ಗೋಡೆಗೆ ಬೇರೆ ಚಿತ್ರ ಅಂಟಿಸಲಾರ. ಯಾರೂ ಬೆದರಿಸಬೇಕಾಗಿಲ್ಲ. ಬಹಳಷ್ಟು ಮಾಲೀಕರು ಬೆದರಿಸುವುದೂ ಇಲ್ಲ, ಕಾಯಿಲೆ ಕಸಾಲೆಗೆ ಜೀಪು ಕಳಿಸುವ, ಮಕ್ಕಳ ಓದಿಗೆ ಕೈ ಹಿಡಿಯುವ ಮನೆಗಳು ಈ ಸಭೆಯಲ್ಲೇ ಇವೆ. ಆದರೆ ತೋಟದ ಲೆಕ್ಕ ಬರೆಯುವ ರೈಟರು ಬೆಳಿಗ್ಗೆ ಹಾಜರಿ ತೆಗೆಯುವಾಗ, ಮೊನ್ನೆ ಯಾರ ಮೆರವಣಿಗೆಯಲ್ಲಿ ಇದ್ದೆ ಎಂದು ನಗುತ್ತಾ ಕೇಳಿದರೂ ಸಾಕು. ಕೇಳಿದವನಿಗೆ ಅದು ತಮಾಷೆ, ಕೇಳಿಸಿಕೊಂಡವನಿಗೆ ಆ ರಾತ್ರಿ ನಿದ್ದೆಯಿಲ್ಲ. ಭಿನ್ನಾಭಿಪ್ರಾಯವನ್ನು ಸಹಿಸುತ್ತೇವೆ ಎಂದು ನಾವು ಹೇಳಿಕೊಳ್ಳುವಾಗ, ನಮ್ಮಷ್ಟೇ ನೆಲ ಇರುವವನ ಭಿನ್ನಾಭಿಪ್ರಾಯವನ್ನು ಎಣಿಸುತ್ತಿದ್ದೇವೋ, ನಮ್ಮ ಸೂರಿನ ಕೆಳಗಿರುವವನದನ್ನೋ?

ಮತದಾನ ಗುಪ್ತವಲ್ಲವೇ ಎಂದು ಕೇಳಬಹುದು. ಒಬ್ಬೊಬ್ಬರ ಮತ ಗುಪ್ತ, ನಿಜ. ಆದರೆ ಒಂದು ಮತಗಟ್ಟೆಯ ಮತ ಗುಪ್ತವಲ್ಲ. ಮತಪತ್ರಗಳ ಕಾಲದಲ್ಲಿ ಬೇರೆ ಬೇರೆ ಮತಗಟ್ಟೆಗಳ ಚೀಟಿಗಳನ್ನು ಬೆರೆಸಿ ಎಣಿಸುವ ಕ್ರಮವಿತ್ತು. ಮತಯಂತ್ರ ಬಂದ ಮೇಲೆ ಯಂತ್ರ ಯಂತ್ರದ ಲೆಕ್ಕ ಬೇರೆಯಾಗಿ ಸಿಗುತ್ತದೆ, ಮತಗಟ್ಟೆವಾರು ಪಟ್ಟಿ ಪ್ರಕಟವೂ ಆಗುತ್ತದೆ. ಬಯಲುಸೀಮೆಯ ದೊಡ್ಡ ಊರಿನಲ್ಲಿ ಅದರಿಂದ ಹೆಚ್ಚೇನೂ ಗೊತ್ತಾಗದಿರಬಹುದು. ನಮ್ಮಲ್ಲಿ ಒಂದು ಮತಗಟ್ಟೆ ಎಂದರೆ ಎರಡು ಮೂರು ಎಸ್ಟೇಟು, ಒಂದು ಕಾಲೋನಿ, ನಾಲ್ಕು ಒಂಟಿಮನೆ. ಎಣಿಕೆಯ ಸಂಜೆಗೇ ಯಾವ ಲೈನು ಯಾರಿಗೆ ಹಾಕಿತು ಎಂದು ಪೇಟೆಯಲ್ಲಿ ಹೇಳುತ್ತಾರೆ. ಆಮೇಲೆ ಆ ದಾರಿಯ ಜಲ್ಲಿ, ಆ ಕಾಲೋನಿಯ ನಲ್ಲಿ ನಿಧಾನವಾಗುತ್ತವೆ.

ಇದಕ್ಕೊಂದು ಉಪಾಯ ಇದೆ. ಹದಿನಾಲ್ಕು ಮತಯಂತ್ರಗಳನ್ನು ಒಟ್ಟಿಗೆ ಜೋಡಿಸಿ ಒಟ್ಟು ಮೊತ್ತವನ್ನು ಮಾತ್ರ ತೋರಿಸುವ ಟೋಟಲೈಸರ್ ಎಂಬ ಸಾಧನ. ಚುನಾವಣಾ ಆಯೋಗ 2008ರಲ್ಲೇ ಅದನ್ನು ಸೂಚಿಸಿತು. ಕಾನೂನು ಆಯೋಗ 2015ರ ತನ್ನ 255ನೇ ವರದಿಯಲ್ಲಿ ಅದನ್ನು ಬೆಂಬಲಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಮತಗಟ್ಟೆವಾರು ಲೆಕ್ಕ ಪಕ್ಷಗಳಿಗೆ ಬೇಕು, ಎಲ್ಲಿ ತಮ್ಮ ಕೆಲಸ ಸಾಲದು ಎಂದು ತಿಳಿಯಲು ಎಂಬ ವಾದವಿದೆ. ಆ ವಾದವನ್ನು ನಾನು ಕೇಳಿಸಿಕೊಂಡಿದ್ದೇನೆ, ಅದರಲ್ಲಿ ಅರ್ಥವೂ ಇದೆ. ಆದರೆ ಪಕ್ಷಕ್ಕೆ ಬೇಕಾದ ಆ ತಿಳಿವಳಿಕೆಗೆ ಲೈನ್ ಮನೆಯವನು ತನ್ನ ನೆಮ್ಮದಿಯನ್ನು ತೆರಬೇಕೆಂಬುದು ನ್ಯಾಯವಲ್ಲ.

ಗ್ರಾಮ ಪಂಚಾಯಿತಿಯ ಚುನಾವಣೆಯನ್ನು ನಮ್ಮ ರಾಜ್ಯದಲ್ಲಿ ಪಕ್ಷದ ಚಿಹ್ನೆಯಿಲ್ಲದೆ ನಡೆಸುತ್ತೇವೆ. ಊರು ಪಕ್ಷಗಳಿಂದ ಒಡೆಯದಿರಲಿ ಎಂಬ ಆಸೆಯಿಂದ ಮಾಡಿದ ಏರ್ಪಾಡು. ಆದರೆ ಯಾರು ಯಾವ ಪಕ್ಷ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಬಾಯಿಬಿಟ್ಟು ಹೇಳದ ಭೇದ ಹೇಳಿದ ಭೇದಕ್ಕಿಂತ ಹೆಚ್ಚು ಕಚ್ಚುತ್ತದೆ ಎಂದು ನನ್ನ ಅನಿಸಿಕೆ. ಮೂಡಿಗೆರೆ ವಿಧಾನಸಭಾ ಕ್ಷೇತ್ರದಲ್ಲಿ 2023ರಲ್ಲಿ ಗೆದ್ದವರಿಗೂ ಸೋತವರಿಗೂ ಸಾವಿರ ಮತದ ಅಂತರವೂ ಇರಲಿಲ್ಲ. ಅಂದರೆ ಯಾವ ದಾರಿಯಲ್ಲಿ ನಡೆದು ಹೋದರೂ ಎದುರಿಗೆ ಬರುವವನು ನಮಗೆ ವಿರುದ್ಧವಾಗಿ ಮತ ಹಾಕಿದವನೇ ಆಗಿರಬಹುದು. ಲೈನ್ ಮನೆಯವರ ಜೊತೆಗೆ ಈಗ ಅಸ್ಸಾಮಿನಿಂದ ಬಂದ ಕಾರ್ಮಿಕರಿದ್ದಾರೆ. ನಮ್ಮ ಕಾಫಿ ಕುಯ್ಲು ಅವರಿಲ್ಲದೆ ನಡೆಯುವುದಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಇಲ್ಲಿ ಮತವೇ ಇಲ್ಲ, ಅವರ ಅಭಿಪ್ರಾಯವನ್ನು ಕೇಳುವ ಗೋಜಿಗೆ ಯಾವ ಪಕ್ಷವೂ ಹೋಗಿಲ್ಲ.

ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಳಸದ ಕಡೆಯ ಕಾಡುಗಳು ಸಾಕ್ಷಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಒಕ್ಕಲೇಳಬೇಕಾದೀತೆಂಬ ಭಯ ಕಾಡಂಚಿನ ಗಿರಿಜನರಲ್ಲಿ ಹಬ್ಬಿದಾಗ ಅವರು ಕಚೇರಿಗಳಿಗೆ ಅಲೆದರು. ಅದೇ ಹೊತ್ತಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಕುದುರೆಮುಖದ ಗಣಿ ಮುಚ್ಚಿತು. ಭದ್ರೆ, ತುಂಗೆಯ ನೀರಿಗಾಗಿ ಹೋರಾಡಿದವರು ಗೆದ್ದರು, ಗಣಿಯ ಸಂಬಳದಲ್ಲಿ ಬದುಕಿದವರು ಊರು ಬಿಟ್ಟರು. ಅಷ್ಟರಲ್ಲೇ ಕಾಡಿಗೆ ನಕ್ಸಲರ ಬಂದೂಕು ಬಂದಿತ್ತು. 2005ರ ಫೆಬ್ರವರಿಯಲ್ಲಿ ಮೆಣಸಿನಹಾಡ್ಯದ ಕಾಡಿನಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತರು, ಕೆಲವೇ ದಿನಗಳಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸರು ನಕ್ಸಲರ ಗುಂಡಿಗೆ ಸತ್ತರು. ಪೊಲೀಸರಿಗೆ ಮಾಹಿತಿ ಕೊಟ್ಟನೆಂಬ ಅನುಮಾನದ ಮೇಲೆ ಹಳ್ಳಿಯವರನ್ನೂ ಕೊಂದರು. ಬಡವರ ದನಿಯಾಗುತ್ತೇವೆಂದು ಬಂದ ಬಂದೂಕು ಬಡವರ ಮನೆಯೊಳಗಿನ ಮಾತನ್ನೇ ನಿಲ್ಲಿಸಿತು. ರಾತ್ರಿ ನಕ್ಸಲರು ಬಂದು ಅನ್ನ ಕೇಳುತ್ತಿದ್ದರು, ಬೆಳಿಗ್ಗೆ ಪೊಲೀಸರು ಬಂದು ಏಕೆ ಹಾಕಿದೆ ಎಂದು ಕೇಳುತ್ತಿದ್ದರು. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದರು. ಮಾತುಕತೆಗೆ ದಾರಿ ಮಾಡಿಕೊಟ್ಟ ನಾಗರಿಕರ ಬಗ್ಗೆ ನನಗೆ ಕೃತಜ್ಞತೆ ಇದೆ. ಎರಡು ದಶಕಗಳ ಹಿಂದೆ ತಹಸೀಲ್ದಾರರ ಮೇಜಿನ ಮುಂದೆ ಆಗಬೇಕಿದ್ದ ಮಾತುಕತೆ ಅದು.

ಹಾಗಾದರೆ ಎಲ್ಲ ಅಭಿಪ್ರಾಯವನ್ನೂ ಸಹಿಸಬೇಕೇ ಎಂದು ಯುವಕರು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. ತೆರಿಗೆ, ಮೀಸಲಾತಿ, ಕಾಡು, ಒತ್ತುವರಿ, ದೇವಸ್ಥಾನದ ಆಡಳಿತ, ಯಾರು ಪ್ರಧಾನಿ ಆಗಬೇಕು, ಇವೆಲ್ಲದರಲ್ಲಿ ನನಗೆ ಎಷ್ಟೇ ಕಹಿಯಾದ ಮಾತನ್ನೂ ಕೂತು ಕೇಳುತ್ತೇನೆ. ಇಂಥ ಜಾತಿಯವರು ನಮ್ಮ ಬಾವಿಗೆ ಬರಬಾರದು, ಇಂಥ ಧರ್ಮದವರು ನಮ್ಮ ಸಂತೆಯಲ್ಲಿ ಅಂಗಡಿ ಇಡಬಾರದು ಎಂಬ ಮಾತು ಬಂದರೆ ಅದನ್ನು ಅಭಿಪ್ರಾಯಗಳ ಸಾಲಿನಲ್ಲಿ ಸೇರಿಸುವುದಿಲ್ಲ. ಅದು ಇನ್ನೊಬ್ಬನ ಬಾಯಿಗೆ ಬೀಗ. ಬಾಬಾಬುಡನ್‌ಗಿರಿಯ ವಿವಾದದಲ್ಲಿ ಹಿಂದೂ, ಮುಸ್ಲಿಂ ಎರಡೂ ಕಡೆಯ ಭಕ್ತರ ವಾದವನ್ನೂ ಗೌರವದಿಂದ ಕೇಳಬೇಕು, ನ್ಯಾಯಾಲಯ ತೀರ್ಮಾನಿಸಬೇಕು. ಆದರೆ ದತ್ತ ಜಯಂತಿಯ ಡಿಸೆಂಬರ್ ಬಂದರೆ ಚಿಕ್ಕಮಗಳೂರಿನ ಅಂಗಡಿಯವನು ಬಾಗಿಲು ಎಳೆದುಕೊಂಡು ಒಳಗೆ ಕೂತರೆ, ಆ ಅಂಗಡಿಯವನ ಅಭಿಪ್ರಾಯ ಏನೆಂದು ನಮಗೆ ಎಂದಿಗೂ ತಿಳಿಯುವುದಿಲ್ಲ. ಧಾರವಾಡದಲ್ಲಿ 2015ರಲ್ಲಿ ಎಂ.ಎಂ. ಕಲಬುರ್ಗಿಯವರನ್ನು, ಬೆಂಗಳೂರಿನಲ್ಲಿ 2017ರಲ್ಲಿ ಗೌರಿ ಲಂಕೇಶರನ್ನು ಅವರ ಮನೆಯ ಬಾಗಿಲಲ್ಲೇ ಕೊಂದರು. ಅವರ ಬರಹ ಒಪ್ಪದವರು ಬಹಳ ಜನ ಇದ್ದರು. ಒಪ್ಪದಿರುವುದಕ್ಕೂ ಕೊಂದದ್ದಕ್ಕೆ ಸಂತೋಷಪಡುವುದಕ್ಕೂ ನಡುವೆ ಗೆರೆ ಎಳೆಯಲು ಬಾರದವರು ಯಾವ ಪಕ್ಷದಲ್ಲಿದ್ದರೂ ನನಗೆ ಭಯ.

ಇನ್ನು ಮಾಡಬಹುದಾದ ಕೆಲಸಗಳಿಗೆ ಬರುತ್ತೇನೆ, ಸಮಯವೂ ಮೀರುತ್ತಿದೆ. ಈ ತಾಲ್ಲೂಕಿನಲ್ಲಿ ಕೂಲಿ ಕಾರ್ಮಿಕರ ನಿವೇಶನದ ಬೇಡಿಕೆ ದಶಕಗಳಷ್ಟು ಹಳೆಯದು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಭೂಕಂದಾಯ ಕಾಯ್ದೆಯ 94ಸಿ ಅಡಿಯಲ್ಲಿ ಹಕ್ಕುಪತ್ರಕ್ಕೆ ದಾರಿಯಾಯಿತು. ಲೈನಿನಲ್ಲಿ ಇರುವವರಿಗೆ ಆ ದಾರಿಯೂ ಇಲ್ಲ, ಅವರು ಇರುವುದು ಮಾಲೀಕರ ಜಾಗದಲ್ಲಿ. ತಮ್ಮ ಹೆಸರಿನಲ್ಲಿ ಒಂದು ನಿವೇಶನ ಇದ್ದರೆ ಅವರು ನಾಳೆಯೂ ಅದೇ ತೋಟಕ್ಕೆ ಕೆಲಸಕ್ಕೆ ಬರುತ್ತಾರೆ, ಆದರೆ ತಮಗೆ ಬೇಕಾದ ಬಾವುಟವನ್ನು ತಮ್ಮ ಬಾಗಿಲಿಗೆ ಕಟ್ಟಬಲ್ಲರು. ಬೆಳೆಗಾರರ ಸಂಘಗಳು ಒತ್ತುವರಿ ಸಕ್ರಮಕ್ಕಾಗಿ, ಸಾಲ ಮನ್ನಾಕ್ಕಾಗಿ, ಆನೆ ಹಾವಳಿ ತಡೆಗಾಗಿ ಬೆಂಗಳೂರಿಗೆ ನಿಯೋಗ ಒಯ್ದಿವೆ. ಅದೇ ಮನವಿ ಪತ್ರದಲ್ಲಿ ಲೈನ್ ಮನೆಯವರ ನಿವೇಶನದ ಬೇಡಿಕೆಯನ್ನೂ ಸೇರಿಸಿರೆಂದು ಬೇಡುತ್ತೇನೆ. ನಿಮ್ಮ ಪಕ್ಷಕ್ಕೆ ಮತ ಹಾಕದವರಿಗಾಗಿ ನೀವು ಕೇಳಬೇಕು.

ಗ್ರಾಮಸಭೆಯ ದಿನ ತೋಟಗಳಿಗೆ ಅರ್ಧ ದಿನದ ರಜೆ ಕೊಡಿ, ಕೂಲಿ ಹಿಡಿಯಬೇಡಿ. ಕೂಲಿ ಹೋಗುತ್ತದೆಂದೇ ಹೆಂಗಸರು ಗ್ರಾಮಸಭೆಗೆ ಬರುವುದಿಲ್ಲ, ಬಂದವರು ಹಿಂದೆ ಗೋಡೆಗೆ ಒರಗಿ ನಿಲ್ಲುತ್ತಾರೆ. ಅವರನ್ನು ಮುಂದಿನ ಕುರ್ಚಿಗೆ ಕರೆಯಿರಿ. ಅವರು ಮಾತಾಡುವಾಗ ಮಾಲೀಕರು, ರೈಟರು, ಮೇಸ್ತ್ರಿಗಳು ಎದ್ದು ಉತ್ತರ ಕೊಡಬೇಡಿ, ಉತ್ತರವನ್ನು ಪಂಚಾಯಿತಿ ಕೊಡಲಿ. ಮತಗಟ್ಟೆವಾರು ಲೆಕ್ಕದ ಬಗ್ಗೆ, ಮುಂದಿನ ಸಲ ಮತ ಕೇಳಲು ಬರುವ ಎಲ್ಲ ಪಕ್ಷದ ಅಭ್ಯರ್ಥಿಗಳನ್ನೂ ಒಂದೇ ವೇದಿಕೆಗೆ ಕರೆದು, ಟೋಟಲೈಸರ್ ವಿಷಯದಲ್ಲಿ ನಿಮ್ಮ ನಿಲುವೇನು ಎಂದು ಕೇಳೋಣ. ಈ ಸಭಾಂಗಣವೇ ಸಾಕು. ಆ ಸಭೆಯಲ್ಲಿ ಮೊದಲ ಮೂರು ಪ್ರಶ್ನೆ ಲೈನ್ ಮನೆಗಳಿಂದ ಬರಲಿ, ಕೇಳಿದವರ ಹೆಸರು ಬೇಡ, ಚೀಟಿಯಲ್ಲಿ ಬರೆದು ಕೊಡಲಿ.